ಮುಖಮಂಟಪವನ್ನು ಕುರಿತು ಎರಡು ಮಾತು
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯದ ಜೀರ್ಣೋದ್ಧಾರದ ಮಾತು ಬಂದಾಗಲೆಲ್ಲ ಮುಖಮಂಟಪವನ್ನು ಕೆಡವಬೇಕೆಂಬ ಸಲಹೆಯೂ ಬರುತ್ತಿದೆ. ಅದು ಮೂಲ ಕಟ್ಟಡದ್ದಲ್ಲ, ಆಮೇಲೆ ಸೇರಿಸಿದ್ದು ಎಂಬುದೇ ಆಕ್ಷೇಪ. ಇದನ್ನು ಕೇಳಿದಾಗ ನಮಗೆ ಪ್ಯಾರಿಸ್ಸಿನ ನೋತ್ರ್ ದಾಮ್ ಪ್ರಧಾನಾಲಯದ ಶಿಖರವು ನೆನಪಾಗುತ್ತದೆ.

1163ರಲ್ಲಿ ಆರಂಭವಾದ ಆ ದೇವಾಲಯದ ಮೇಲೆ ಹದಿಮೂರನೆಯ ಶತಮಾನದ ಮರದ ಶಿಖರವೊಂದಿತ್ತು. ಗಾಳಿಗೆ ಸಿಕ್ಕಿ ಶಿಥಿಲವಾದ ಅದನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಳಿಸಿದರು. ಗಾಥಿಕ್ ಎಂಬ ಹೆಸರೇ ಮೊದಲು ಬೈಗುಳವಾಗಿ ಹುಟ್ಟಿದ್ದು. ಆ ಶೈಲಿ ಬಹುಜನರಿಗೆ ಒರಟಾಗಿ ಕಾಣುತ್ತಿದ್ದ ಕಾಲವದು. 1831ರಲ್ಲಿ ವಿಕ್ಟರ್ ಹ್ಯೂಗೋ ಆ ದೇವಾಲಯವನ್ನು ನಡುವಿಟ್ಟು ಕಾದಂಬರಿ ಬರೆದ ಮೇಲೆ ಜನರ ನೋಟ ತಿರುಗಿತು. ವಿಯೊಲೆ-ಲ-ದ್ಯುಕ್ ಎಂಬ ವಾಸ್ತುಶಿಲ್ಪಿ 1859ರಲ್ಲಿ ಹೊಸ ಶಿಖರವನ್ನು ನಿಲ್ಲಿಸಿದನು. ಅದು ಹಳೆಯದರ ಪ್ರತಿಯಲ್ಲ. ಅದಕ್ಕಿಂತ ಎತ್ತರ, ಅಲಂಕಾರವೂ ಹೆಚ್ಚು. ಬುಡದಲ್ಲಿ ಹನ್ನೆರಡು ಪ್ರೇಷಿತರ ತಾಮ್ರದ ಪ್ರತಿಮೆಗಳು. ಉಳಿದವರು ನಗರವನ್ನು ನೋಡುತ್ತಿದ್ದರೆ ಸಂತ ತೋಮರು ಮಾತ್ರ ಹಿಂದಿರುಗಿ ಶಿಖರವನ್ನು ನೋಡುತ್ತಾರೆ. ಅವರ ಮುಖ ಆ ವಾಸ್ತುಶಿಲ್ಪಿಯದೇ! ಕಟ್ಟಡ ಕಟ್ಟುವವರ ಪಾಲಕ ಸಂತರೆಂಬ ನೆವ. ನಮ್ಮ ದೇಶಕ್ಕೆ ಶುಭಸಂದೇಶ ತಂದರೆಂದು ನಾವು ಪರಂಪರೆಯಿಂದ ನಂಬಿರುವ ತೋಮರಿಗೆ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಗಡ್ಡ!

ಬಹುಕಾಲ ಪಂಡಿತರು ಅವನ ಕೆಲಸವನ್ನು ಕಲ್ಪಿತ ಮಧ್ಯಯುಗವೆಂದು ಹಳಿದರು. 2019ರ ಏಪ್ರಿಲ್ 15ರಂದು ಆ ಶಿಖರ ಉರಿದು ಕುಸಿಯಿತು. ಬೀದಿಯಲ್ಲಿ ಮೊಣಕಾಲೂರಿ ಹಾಡುತ್ತಿದ್ದ ಜನ ಅದನ್ನು ನಕಲೆಂದು ಎಣಿಸಲಿಲ್ಲ. ದುರಸ್ತಿಗೆಂದು ನಾಲ್ಕು ದಿನ ಮೊದಲಷ್ಟೇ ಇಳಿಸಿದ್ದರಿಂದ ಪ್ರತಿಮೆಗಳು ಉಳಿದವು. ಹೊಸ ಮಾದರಿಯ ಶಿಖರಗಳ ಸಲಹೆಗಳು ಬಂದರೂ, 2020ರಲ್ಲಿ ಇದ್ದಂತೆಯೇ ಕಟ್ಟಲು ನಿರ್ಧಾರವಾಯಿತು. 2024ರ ಡಿಸೆಂಬರ್‌ನಲ್ಲಿ ದೇವಾಲಯ ಮತ್ತೆ ತೆರೆಯಿತು.

ಒಮ್ಮೆ ನಾವೂ ಆತುರಪಟ್ಟಿದ್ದೇವೆ. 1965ರಲ್ಲಿ ಮುಗಿದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ, ಮಹಾಸಭೆ ಹಾಗೆಂದು ಹೇಳಿರದಿದ್ದರೂ, ಬಲಿಪೀಠದ ಮುಂದಿನ ತೇಗದ ಕಟಕಟೆಯನ್ನು ಹಳತೆಂದು ಕಿತ್ತುಹಾಕಿದೆವು. ನಮ್ಮ ಅಜ್ಜ ಅಜ್ಜಿಯರು ಅದಕ್ಕೆ ಕೈಯೂರಿ ಪರಮ ಪ್ರಸಾದ ಸ್ವೀಕರಿಸಿದ್ದರು. ಈ ಸಂಚಿಕೆಗೆ ಚಿತ್ರ ತೆಗೆಸಲು ಹುಡುಕಿದರೆ ಒಂದು ತುಂಡೂ ಸಿಗಲಿಲ್ಲ.

ಮಂಟಪವು ಮೂಲ ಕಟ್ಟಡದ್ದಲ್ಲ, ನಿಜ. ಆದರೆ ಮಳೆಯಲ್ಲಿ ಬಂದ ಮದುವಣಗಿತ್ತಿಯರು ನಿಂತದ್ದು ಅಲ್ಲಿ. ನಮ್ಮ ಹಿರಿಯರ ಶವಪೆಟ್ಟಿಗೆಗಳನ್ನು ಗುರುಗಳು ಎದುರುಗೊಂಡು ಪವಿತ್ರ ಜಲ ಪ್ರೋಕ್ಷಿಸಿದ್ದೂ ಅಲ್ಲಿಯೇ. ಈ ವಿಷಯ ಕಟ್ಟಡ ಸಮಿತಿಯ ಮುಂದೆ ಬಂದಾಗ, ಮಂಟಪವನ್ನು ಉಳಿಸಿ, ಸೋರುತ್ತಿರುವ ಅದರ ಹೆಂಚಿನ ಮಾಡನ್ನಷ್ಟೇ ಸರಿಪಡಿಸಬೇಕೆಂದು ನಾವು ವಿನಂತಿಸಿಕೊಳ್ಳುತ್ತೇವೆ.