ಸಿಡಿಲಿನ ಕರೆಂಟ್ ಕೂಡಿಡಲಿಕ್ಕೆ ಬರ್ತದೇನು?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಹುಡುಗರು ಕೇಳುವ ಒಂದು ಪ್ರಶ್ನೆಯನ್ನೇ ಇವತ್ತಿನ ವಿಷಯ ಮಾಡಿಕೊಂಡಿದ್ದೇನೆ. ಒಂದು ಸಿಡಿಲಿಗೆ ಇಡೀ ಊರು ಬೆಳಗುತ್ತದೆ. ಆ ಕರೆಂಟನ್ನು ಹಿಡಿದು ಬ್ಯಾಟರಿಯಲ್ಲಿ ತುಂಬಿಟ್ಟರೆ ವರ್ಷಪೂರ್ತಿ ಬಿಲ್ಲು ಕಟ್ಟೋದೇ ಬೇಡ, ಹೌದಿಲ್ಲೋ? ಇದು ನಕ್ಕು ಬಿಡುವ ಪ್ರಶ್ನೆ ಅಲ್ಲ. ನಾನು ಬಿ.ಎ. ಓದುವವನು, ಸೈನ್ಸಿನವನಲ್ಲ. ಆದರೆ ಇದಕ್ಕೆ ಬೇಕಾದದ್ದು ಗುಣಾಕಾರ, ಭಾಗಾಕಾರ ಅಷ್ಟೆ. ನೀವೂ ನನ್ನ ಜೊತೆ ಲೆಕ್ಕ ಹಾಕಿರಿ.

ಮೊದಲು ಅದರ ಬಲ ನೋಡೋಣ. ನಮ್ಮ ಮನೆಯ ಸ್ವಿಚ್ಚು 5 ಆಂಪಿಯರಿನದು. ಸಾಧಾರಣ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ಹರಿಯುತ್ತದೆ. ಅದು ಹಾದುಹೋಗುವ ಗಾಳಿ ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಕಾಯುತ್ತದೆ. ಹಾಗೆ ಕಾದ ಗಾಳಿ ಒಮ್ಮೆಲೇ ಹಿಗ್ಗಿದ ಸದ್ದೇ ಗುಡುಗು. ಇಷ್ಟು ಕೇಳಿದರೆ ಆಕಾಶದಲ್ಲಿ ಕರೆಂಟಿನ ಖಜಾನೆಯೇ ಅದ ಅನ್ನಿಸ್ತದೆ.

ಆದರೆ ಹೊಡೆತದ ಬಲ ಬೇರೆ, ಒಳಗಿನ ದಾಸ್ತಾನು ಬೇರೆ. ಒಂದು ಸಿಡಿಲಿನ ಒಟ್ಟು ಶಕ್ತಿ ಸುಮಾರು 100 ಕೋಟಿ ಜೌಲ್ ಎಂದು ಲೆಕ್ಕ ಹಾಕುತ್ತಾರೆ. ಮೀಟರಿನ ಭಾಷೆಯಲ್ಲಿ ಹೇಳಿದರೆ ಸುಮಾರು 280 ಯೂನಿಟ್. ಗೃಹಜ್ಯೋತಿಯಲ್ಲಿ ತೆಲಂಗಾಣ ಸರ್ಕಾರ 2024ರಿಂದ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲು ಮನ್ನಾ ಮಾಡಿದೆ. ಆ ಲೆಕ್ಕದಲ್ಲಿ ಒಂದು ಸಿಡಿಲು ಒಂದು ಮನೆಗೆ ಒಂದೂವರೆ ತಿಂಗಳಿಗೂ ಸಾಲದು. ಇದರಲ್ಲೂ ಬಹುಪಾಲು ಬೆಳಕು, ಬಿಸಿ, ಸದ್ದಾಗಿ ದಾರಿಯಲ್ಲೇ ಹೋಗಿಬಿಡುತ್ತದೆ. ನೆಲಕ್ಕೆ ಮುಟ್ಟುವುದು ಸ್ವಲ್ಪ.

ಇನ್ನು ಸಿಡಿಲು ಎಲ್ಲಿ ಬೀಳ್ತದೆ? ಉಪಗ್ರಹದ ಲೆಕ್ಕದಂತೆ ಭೂಮಿಯ ಮೇಲೆ ಸೆಕೆಂಡಿಗೆ ಸುಮಾರು 44 ಮಿಂಚು. ಜಗತ್ತಿಗೆಲ್ಲ ಹಂಚಿದರೆ ಒಂದು ಚದರ ಕಿಲೋಮೀಟರಿಗೆ ವರ್ಷಕ್ಕೆ ಮೂರು ಕೂಡ ಬರುವುದಿಲ್ಲ. ಅದರಲ್ಲೂ ಹೆಚ್ಚಿನವು ಮೋಡದೊಳಗೇ ಹೊಳೆದು ಮುಗಿಯುತ್ತವೆ. ನಮ್ಮ ಕಡೆ ಗುಡುಗು ಜಾಸ್ತಿ ಅಂತ ಹತ್ತು ಸಿಡಿಲು ನೆಲಕ್ಕೆ ಬಿದ್ದವು, ಹತ್ತನ್ನೂ ಪೂರಾ ಹಿಡಿದೆವು ಅಂತಲೇ ತಿಳಿಯಿರಿ. ವರ್ಷಕ್ಕೆ 2,800 ಯೂನಿಟ್ ಆಯಿತು. ಛಾವಣಿಯ ಮೇಲಿನ ಒಂದು ಕಿಲೋವ್ಯಾಟ್ ಸೋಲಾರ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅಂದರೆ ಒಂದು ಚದರ ಕಿಲೋಮೀಟರ್ ಹೊಲದ ಎಲ್ಲ ಸಿಡಿಲು ಸೇರಿ ಎರಡು ಮನೆಯ ಸೋಲಾರಿಗೆ ಸಮ!

ಹಿಡಿಯುವುದಾದರೂ ಹೇಗೆ? ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ಬ್ಯಾಟರಿ ನಿಧಾನಕ್ಕೆ ತುಂಬಿಕೊಳ್ಳುವಂಥದು. ಕೆರೆ ಒಡೆದು ನುಗ್ಗುವ ನೀರಿಗೆ ಚರಗಿ ಹಿಡಿದರೆ ಚರಗಿಯೂ ಉಳಿಯುವುದಿಲ್ಲ. 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಗಾಳಿಪಟ ಹಾರಿಸಿ ಮೋಡದ ವಿದ್ಯುತ್ತನ್ನು ಗಾಜಿನ ಜಾಡಿಯಲ್ಲಿ ತುಂಬಿದ್ದು ಖರೇ. ಆದರೆ ಅದು ಮೋಡದಿಂದ ಇಳಿದ ಚೂರು, ಬಡಿದ ಸಿಡಿಲಲ್ಲ. ಮರುವರ್ಷವೇ ರಷ್ಯಾದಲ್ಲಿ ರಿಚ್‌ಮನ್ ಎಂಬ ವಿಜ್ಞಾನಿ ಇಂಥದ್ದೇ ಪ್ರಯೋಗದಲ್ಲಿ ಸಿಡಿಲಿಗೆ ಸತ್ತ. 2007ರಲ್ಲಿ ಅಮೆರಿಕದ ಒಂದು ಕಂಪನಿ ಸಿಡಿಲು ಹಿಡಿಯಲು ಹೋಗಿ ಕೈಬಿಟ್ಟಿತು. 2021ರಲ್ಲಿ ಸ್ವಿಟ್ಜರ್ಲೆಂಡಿನ ಬೆಟ್ಟದ ಮೇಲೆ ಲೇಸರ್ ಬಿಟ್ಟು ಸಿಡಿಲಿನ ದಾರಿ ತಿರುಗಿಸಿದರು. ಅದೂ ಕೂಡಿಡುವುದಕ್ಕಲ್ಲ, ಜನರನ್ನೂ ಕಟ್ಟಡಗಳನ್ನೂ ಕಾಯುವುದಕ್ಕೆ.

ಕಾಯುವ ಮಾತು ಬಂತು. ನಮಗೆ ಬೇಕಾದ ಮಾತು ಇದೇ. ಸಿಡಿಲು ಜಾತಿ ನೋಡಿ ಬೀಳುವುದಿಲ್ಲ. ಆದರೆ ಗುಡುಗುವ ಹೊತ್ತಿನಲ್ಲಿ ಬಯಲಿನಲ್ಲಿ ಇರುವವರು ಯಾರು? ಜಹೀರಾಬಾದ್ ಕಡೆ ಕಬ್ಬು, ಶುಂಠಿಯ ಹೊಲದ ಕೂಲಿಯವರು, ನಾರಾಯಣಖೇಡದ ಆಡು ಕಾಯುವವರು, ತಾಂಡೂರಿನ ತೊಗರಿ ಹೊಲ, ಫರಸಿ ಖಣಿಯಲ್ಲಿ ದುಡಿಯುವವರು. ಹೊಲದ ಧಣಿಗೆ ಸ್ಲ್ಯಾಬಿನ ಮನೆ ಇರುತ್ತದೆ, ಕೂಲಿಯವಳಿಗೆ ಬೇವಿನ ಮರ. 2022ರಲ್ಲಿ ಸಿಡಿಲಿಗೆ ದೇಶದಲ್ಲಿ 2,800ಕ್ಕೂ ಹೆಚ್ಚು ಜನ ಸತ್ತರು ಎನ್ನುತ್ತದೆ ಸರ್ಕಾರದ್ದೇ ಲೆಕ್ಕ. ಕರ್ಮ, ಶಾಪ ಅಂದು ಸುಮ್ಮನಾದರೆ ಮುಂದಿನ ವರ್ಷವೂ ಇದೇ ಲೆಕ್ಕ ಓದಬೇಕಾಗ್ತದೆ.

ಇನ್ನೊಂದು ಮಾತು ದಯವಿಟ್ಟು ಮನಸ್ಸಿನಲ್ಲಿಡಿ. ಸಿಡಿಲು ಬಡಿದವರನ್ನು ಮುಟ್ಟಬಾರದು, ಕರೆಂಟ್ ಹೊಡೀತದ ಅಂತಾರ. ಸುಳ್ಳು. ಬ್ಯಾಟರಿಯಲ್ಲೇ ನಿಲ್ಲದ ಸಿಡಿಲು ಮನುಷ್ಯನ ಮೈಯಲ್ಲಿ ನಿಲ್ಲುತ್ತದೆಯೇ? ಕೆಲವು ಹಳ್ಳಿಗಳಲ್ಲಿ ಬಡಿದವರನ್ನು ಸಗಣಿಯಲ್ಲಿ ಹೂತಿಟ್ಟು ಹೊತ್ತು ಕಳೆಯುತ್ತಾರೆ. ಅದೇ ಹೊತ್ತಿನಲ್ಲಿ ಉಸಿರು ಕೊಟ್ಟು, ಎದೆ ಒತ್ತಿ, 108ಕ್ಕೆ ಫೋನ್ ಮಾಡಿದರೆ ಜೀವ ಉಳಿಯಬಹುದು. "ಮುಟ್ಟಬೇಡಿ" ಅನ್ನೋ ಮಾತು ಎಷ್ಟು ಜೀವ ತಿಂದಿದೆ ಅನ್ನುವುದು ನಮಗಿಂತ ಯಾರಿಗೆ ಗೊತ್ತು? ಮುಟ್ಟಿರಿ. ಮೊದಲು ಓಡಿ ಹೋಗಿ ಮುಟ್ಟುವವರು ನಾವೇ ಆಗೋಣ.

ಮಿಂಚು ಕಂಡ ಮೇಲೆ ಎಣಿಸಿರಿ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ. ಕೆಲಸ ಬಿಟ್ಟು ಪಕ್ಕಾ ಮನೆಯೊಳಗೆ ಹೋಗಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಹತ್ತಿರದ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. 1956ರಲ್ಲಿ ಬೀದರ್, ಗುಲ್ಬರ್ಗಾ ಜಿಲ್ಲೆಗಳಿಂದ ಈ ಕಡೆ ಬಂದ ನಮ್ಮ ಊರುಗಳಲ್ಲಿ ಕನ್ನಡವೇ ಮನೆಮಾತಾದ ಅಜ್ಜಿಯರಿದ್ದಾರೆ. ಫೋನಿನಲ್ಲಿ ಬಂದ ಸೂಚನೆಯನ್ನು ಕೇರಿಯ ಮೈಕಿನಲ್ಲಿ ಅವರ ಮಾತಿನಲ್ಲಿ ಕೂಗಿ ಹೇಳುವ ಕೆಲಸ ಸಂಘದ್ದು. ಜಹೀರಾಬಾದ್ ಹತ್ತಿರದ ಮಾಚನೂರಿನಲ್ಲಿ ದಲಿತ ಹೆಣ್ಣುಮಕ್ಕಳು 2008ರಿಂದ ಸಂಘಂ ರೇಡಿಯೋ ನಡೆಸಿ ತೋರಿಸಿದ್ದಾರೆ. ನಮಗೆ ಒಂದು ಮೈಕು ಕಷ್ಟವಲ್ಲ.

ಎರಡನೆಯದು, ಶಾಲೆ ಮತ್ತು ಸಮುದಾಯ ಭವನದ ಮೇಲೆ ಸಿಡಿಲು ಸಲಾಕೆ. ತಾಮ್ರದ ಕಡ್ಡಿ, ಪಟ್ಟಿ, ಸರಿಯಾದ ಅರ್ಥಿಂಗ್ ಗುಂಡಿ. ಸಿಡಿಲನ್ನು ಕೂಡಿಡಲಾಗದಿದ್ದರೂ ಯಾರನ್ನೂ ಕೊಲ್ಲದ ದಾರಿಯಲ್ಲಿ ನೆಲಕ್ಕೆ ಕಳಿಸಬಹುದು. ಪಂಚಾಯತಿಗೆ ಅರ್ಜಿ ಬರೆದು ಇವತ್ತೇ ಸಹಿ ಹಾಕೋಣ.

ಕೊನೆಯದಾಗಿ, ಬಾಬಾಸಾಹೇಬರು ಸಂವಿಧಾನ ಬರೆಯುವ ಮುಂಚೆ, 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದರು. ವಿದ್ಯುತ್ತಿನ ಖಾತೆಯೂ ಅವರ ಕೈಯಲ್ಲಿತ್ತು. ಬಡತನ ಹೋಗಬೇಕಾದರೆ ಕಾರ್ಖಾನೆ ಬೇಕು, ಕಾರ್ಖಾನೆಗೆ ಅಗ್ಗದ, ಧಾರಾಳ ವಿದ್ಯುತ್ ಬೇಕು ಎಂಬುದು 1943ರಲ್ಲೇ ಅವರ ವಾದ. ಅವರು ಯೋಚಿಸಿದ್ದು ಒಮ್ಮೆ ಹೊಳೆದು ಹೋಗುವ ಬೆಳಕಿನ ಬಗ್ಗೆ ಅಲ್ಲ, ದಿನವೂ ಬರುವ ಕರೆಂಟಿನ ಬಗ್ಗೆ. ನಮ್ಮ ಕೇರಿಗೆ ಬೇಕಾದದ್ದೂ ಅದೇ. ಛಾವಣಿ ಮೇಲೆ ಸೋಲಾರ್, ರಾತ್ರಿ ಓದುವ ಮಗುವಿಗೆ ಒಂದು ಬಲ್ಬು, ಮೋಡ ಗುಡುಗಿದಾಗ ಓಡಿ ಹೋಗಲು ಒಂದು ಪಕ್ಕಾ ಸೂರು. ಇವನ್ನು ಕೇಳಿ ಪಡೆಯೋಣ.

ಜೈ ಭೀಮ್.