ಬೀಜ ಪರೀಕ್ಷೆಗೆ ಉಷ್ಣತಾ ನಿಯಂತ್ರಕ: ಜೋಡಣೆ ಮತ್ತು ಸುರಕ್ಷಿತ ಬಳಕೆ

(ಬೀಜೋತ್ಪಾದಕ ರೈತರ ತರಬೇತಿಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಬಿತ್ತುವ ಮೊದಲು ಬೀಜದ ಮೊಳಕೆ ನೋಡುವುದು ರಾಯಚೂರು ಜಿಲ್ಲೆಯ ರೈತರಿಗೆ ಹೊಸ ಮಾತಲ್ಲ. ಒದ್ದೆ ಗೋಣಿತಾಟಿನಲ್ಲಿ ನೂರು ಕಾಳು ಸುತ್ತಿಟ್ಟು ಎಣಿಸುವ ಪದ್ಧತಿ ಹಿಂದಿನಿಂದಲೂ ಇದೆ. ಆದರೆ ಬೀಜವನ್ನು ಮಾರಾಟಕ್ಕಾಗಿ ಬೆಳೆಯುವವರಿಗೆ ಇಷ್ಟು ಸಾಲದು. ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ಲಿಂಗಸುಗೂರಿನಲ್ಲಿ ತೊಗರಿ, ಸಜ್ಜೆ ಮತ್ತು ಸೂರ್ಯಕಾಂತಿ, ಈಗ ತಾಲ್ಲೂಕು ಕೇಂದ್ರವಾಗಿರುವ ಮಸ್ಕಿಯ ಸುತ್ತಣ ಎರೆ ಭೂಮಿಯಲ್ಲಿ ಹತ್ತಿ ಮತ್ತು ಹಿಂಗಾರಿ ಕಡಲೆ, ಇವೆಲ್ಲಕ್ಕೂ ಬೀಜ ಪ್ರಮಾಣನದಲ್ಲಿ ಕನಿಷ್ಠ ಮೊಳಕೆಯ ಮಟ್ಟವನ್ನು ಗೊತ್ತುಪಡಿಸಲಾಗಿದೆ. ಭತ್ತಕ್ಕೆ ಶೇಕಡಾ 80, ತೊಗರಿಗೆ 75, ಕಡಲೆಗೆ 85, ಸೂರ್ಯಕಾಂತಿಗೆ 70. ಈ ಅಂಕಿಗಳನ್ನು ಅಳೆಯುವಾಗ ಕಾಳು ಇಂತಿಷ್ಟೇ ಉಷ್ಣತೆಯಲ್ಲಿರಬೇಕು. ಆ ಉಷ್ಣತೆಯನ್ನು ಹಗಲಿರುಳೂ ಕಾಯುವ ಸಾಧನವೇ ಉಷ್ಣತಾ ನಿಯಂತ್ರಕ.

ರೈತ ಉತ್ಪಾದಕ ಸಂಘಗಳು, ಬೀಜ ಸಂಸ್ಕರಣಾ ಘಟಕಗಳು ಮತ್ತು ಕೃಷಿ ಪದವೀಧರ ಯುವಕರು ಸಣ್ಣ ಪ್ರಯೋಗಾಲಯಗಳನ್ನು ನಡೆಸಲು ಮುಂದೆ ಬಂದಾಗ ಮೊದಲು ಕೊಳ್ಳುವ ಉಪಕರಣಗಳಲ್ಲಿ ಇದೂ ಒಂದು. ಸರಿಯಾಗಿ ಜೋಡಿಸದಿದ್ದರೆ ಇದು ಸುಳ್ಳು ಅಂಕಿ ಕೊಡುತ್ತದೆ, ಇಲ್ಲವೇ ಬೆಂಕಿಗೆ ಕಾರಣವಾಗುತ್ತದೆ.

ಉಷ್ಣತೆ ತಪ್ಪಿದರೆ ಆಗುವ ನಷ್ಟ

ಭತ್ತದ ಮೊಳಕೆ ಪರೀಕ್ಷೆಯನ್ನು 25 ಡಿಗ್ರಿ ಸೆಂಟಿಗ್ರೇಡಿನಲ್ಲಿ, ಅಥವಾ ದಿನಕ್ಕೆ 16 ಗಂಟೆ 20 ಡಿಗ್ರಿ ಮತ್ತು 8 ಗಂಟೆ 30 ಡಿಗ್ರಿಯಂತೆ ಬದಲಿಸುತ್ತಾ ಮಾಡಬೇಕು. 100 ಕಾಳಿನ ನಾಲ್ಕು ತಂಡ, ಒಟ್ಟು 400 ಕಾಳು ಇಟ್ಟು, 5ನೆಯ ದಿನ ಮೊದಲ ಎಣಿಕೆ, 14ನೆಯ ದಿನ ಕೊನೆಯ ಎಣಿಕೆ. ಕಡಲೆಗೆ 20 ಡಿಗ್ರಿ ಸಾಕು. ಎಣಿಕೆ 5 ಮತ್ತು 8ನೆಯ ದಿನ.

ಮುಂಗಾರಿನ ಸಸಿಮಡಿಗೆ ಬೀಜ ಪರೀಕ್ಷಿಸುವ ಕಾಲ ಏಪ್ರಿಲ್ ಮತ್ತು ಮೇ ತಿಂಗಳು. ಆಗ ಈ ಭಾಗದಲ್ಲಿ ಬಿಸಿಲು 40 ಡಿಗ್ರಿಯನ್ನು ಮೀರುತ್ತದೆ. ಹೀಟರ್ ಮಾತ್ರ ಇರುವ ಪೆಟ್ಟಿಗೆ ಕೋಣೆಗಿಂತ ತಣ್ಣಗಾಗಲಾರದು. ನಿಯಂತ್ರಕದಲ್ಲಿ 25 ಎಂದು ಬರೆದಿದ್ದರೂ ಒಳಗೆ 38 ಡಿಗ್ರಿ ಇರಬಹುದು. ಹೀಟರ್ ಆರಿರುತ್ತದೆ, ಯಂತ್ರದಲ್ಲಿ ದೋಷವೇನೂ ಇರುವುದಿಲ್ಲ, ಆದರೆ ಕಾಳು ಬೂಷ್ಟು ಹಿಡಿದು ಕೊಳೆಯುತ್ತದೆ. ಒಳ್ಳೆಯ ಬೀಜವು ನಪಾಸಾಗಿ, ಬೀಜದ ಬೆಲೆಗೆ ಹೋಗಬೇಕಾದ ಮಾಲು ಧಾನ್ಯದ ಬೆಲೆಗೆ ಹೋಗುತ್ತದೆ. ಆದುದರಿಂದ ಈ ಮೂರು ತಾಲ್ಲೂಕುಗಳಲ್ಲಿ ಮೊಳಕೆ ಪೆಟ್ಟಿಗೆಯನ್ನು ಕೊಳ್ಳುವವರು ಹೀಟರಿನೊಡನೆ ತಂಪುಗೊಳಿಸುವ ಕಂಪ್ರೆಸರ್ ಇರುವುದನ್ನೇ ಕೊಳ್ಳಬೇಕು.

ಇನ್ನೊಂದು ಬಗೆಯ ನಷ್ಟ ಒಣಗಿಸುವ ಒಲೆಯಲ್ಲಿ. ಭತ್ತದ ತೇವಾಂಶ ತಿಳಿಯಲು ಹುಡಿ ಮಾಡಿದ ಕಾಳನ್ನು 130 ಡಿಗ್ರಿಯಲ್ಲಿ 2 ಗಂಟೆ ಇಡುತ್ತಾರೆ. 5 ಗ್ರಾಂ ಹುಡಿ ಒಣಗಿ 4.35 ಗ್ರಾಂ ಆದರೆ ಹೋದ ನೀರು 0.65 ಗ್ರಾಂ, ಅಂದರೆ ತೇವಾಂಶ ಶೇಕಡಾ 13. ಸಾಮಾನ್ಯ ಚೀಲದಲ್ಲಿ ಇಡುವ ಭತ್ತದ ಬೀಜಕ್ಕೆ ಇದೇ ಮೇಲಿನ ಮಿತಿ. ನಿಯಂತ್ರಕ 130 ತೋರಿಸಿ ಒಳಗೆ 115 ಮಾತ್ರ ಇದ್ದರೆ ನೀರು ಪೂರ್ತಿ ಹೋಗುವುದಿಲ್ಲ. ಹಸಿ ಇರುವ ಬೀಜ ಒಣಗಿದೆ ಎಂಬ ಲೆಕ್ಕಕ್ಕೆ ಬಂದು ಗೋದಾಮು ಸೇರುತ್ತದೆ. ಬಿತ್ತನೆಯ ಹೊತ್ತಿಗೆ ಅದರ ಮೊಳಕೆ ಶೇಕಡಾ 80ರಿಂದ 60ಕ್ಕೆ ಇಳಿದಿದ್ದರೆ, ಎಕರೆಗೆ 25 ಕಿ.ಗ್ರಾಂ. ಸಾಕಾಗುತ್ತಿದ್ದಲ್ಲಿ 33 ಕಿ.ಗ್ರಾಂ. ಚೆಲ್ಲಬೇಕಾಗುತ್ತದೆ. ಅದು ತಿಳಿಯದ ರೈತನ ಸಸಿಮಡಿ ತೆಳ್ಳಗಾಗಿ, ಕಾಲುವೆಯ ನೀರು ಬಂದಾಗ ನಾಟಿಗೆ ಸಸಿ ಸಾಲುವುದಿಲ್ಲ.

ನಿಯಂತ್ರಕ ಕೆಲಸ ಮಾಡುವ ಬಗೆ

ಇದರಲ್ಲಿ ಮೂರು ಭಾಗಗಳಿವೆ. ಒಳಗಿನ ಕಾವನ್ನು ತಿಳಿಸುವ ಸೆನ್ಸರ್. ಆ ಕಾವನ್ನು ಬೇಕಾದ ಕಾವಿನೊಡನೆ ಹೋಲಿಸುವ ನಿಯಂತ್ರಕ. ಅದರ ಆಜ್ಞೆಯಂತೆ ಹೀಟರಿಗೆ ವಿದ್ಯುತ್ತನ್ನು ಕೊಡುವ ಮತ್ತು ಕಡಿಯುವ ರಿಲೇ. ಫಲಕದಲ್ಲಿ ಎರಡು ಅಂಕಿ ಕಾಣುತ್ತವೆ. ಪಿ.ವಿ. ಎಂದರೆ ಈಗ ಇರುವ ಉಷ್ಣತೆ, ಎಸ್.ವಿ. ಎಂದರೆ ಬೇಕೆಂದು ಗೊತ್ತುಪಡಿಸಿದ ಉಷ್ಣತೆ.

ರೊಟ್ಟಿ ಸುಡುವಾಗ ಒಲೆಯ ಕಟ್ಟಿಗೆಯನ್ನು ಹಿಂದಕ್ಕೆ ಎಳೆದರೂ ಹಂಚಿನ ಕಾವು ಕೂಡಲೇ ಇಳಿಯದು. ಹೀಟರೂ ಹಾಗೆಯೇ. ಹಳೆಯ ಮಾದರಿಯ ಥರ್ಮೋಸ್ಟಾಟ್ ಗೊತ್ತುಪಡಿಸಿದ ಅಂಕಿ ಮುಟ್ಟಿದ ಮೇಲೆ ಹೀಟರನ್ನು ಆರಿಸುತ್ತದೆ. ಅಷ್ಟರಲ್ಲಿ ಕಾವು ಕೆಲವು ಡಿಗ್ರಿ ಮೇಲೇರಿರುತ್ತದೆ. ಅನುಭವವುಳ್ಳ ಗೃಹಿಣಿ ಹಂಚು ಕಾಯುವ ವೇಗ ನೋಡಿ ಮುಂಚಿತವಾಗಿಯೇ ಕಟ್ಟಿಗೆಯನ್ನು ಎಳೆಯುತ್ತಾಳೆ. ಪಿ.ಐ.ಡಿ. ಎಂಬ ಬಗೆಯ ನಿಯಂತ್ರಕ ಮಾಡುವುದೂ ಇದನ್ನೇ. ಎಷ್ಟು ಕಡಿಮೆ ಇದೆ, ಎಷ್ಟು ಹೊತ್ತಿನಿಂದ ಕಡಿಮೆ ಇದೆ, ಎಷ್ಟು ವೇಗವಾಗಿ ಏರುತ್ತಿದೆ ಎಂಬ ಮೂರನ್ನೂ ಲೆಕ್ಕ ಹಾಕಿ ಹೀಟರಿಗೆ ಬೇಕಾದಷ್ಟೇ ವಿದ್ಯುತ್ತನ್ನು ಬಿಡುತ್ತದೆ.

ಜೋಡಿಸುವ ಕ್ರಮ

1. ಪ್ರಯೋಗಾಲಯದ ಭೂಸಂಪರ್ಕ ಸರಿ ಇದೆಯೇ ಎಂದು ಪರವಾನಗಿ ಇರುವ ವಿದ್ಯುತ್ ಕೆಲಸಗಾರನಿಂದ ಮೊದಲು ಪರೀಕ್ಷಿಸಬೇಕು. ಪೆಟ್ಟಿಗೆಯ ಲೋಹದ ಮೈಗೆ ಭೂಸಂಪರ್ಕದ ತಂತಿ ಗಟ್ಟಿಯಾಗಿ ಸೇರಿರಬೇಕು. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಮೂರನೆಯ ಕಡ್ಡಿಯನ್ನು ಮುರಿದು ಬಳಸುವುದು ಪ್ರಾಣಾಪಾಯಕರ.

2. ಉಪಕರಣಕ್ಕೆ ಪ್ರತ್ಯೇಕ ಎಂ.ಸಿ.ಬಿ. ಮತ್ತು 30 ಮಿಲಿ ಆಂಪಿಯರ್ ಸೋರಿಕೆಗೆ ಕಡಿಯುವ ಆರ್.ಸಿ.ಸಿ.ಬಿ. ಇರಬೇಕು. ಮೊಳಕೆ ಪೆಟ್ಟಿಗೆಯಲ್ಲಿ ನೀರಿನ ತಟ್ಟೆ ಇರುವುದರಿಂದ ಇದು ಅತ್ಯವಶ್ಯ. ಎಂ.ಸಿ.ಬಿ. ತಂತಿಯನ್ನು ಕಾಯುತ್ತದೆ, ಆರ್.ಸಿ.ಸಿ.ಬಿ. ಮನುಷ್ಯನನ್ನು ಕಾಯುತ್ತದೆ, ಒಂದು ಇನ್ನೊಂದರ ಕೆಲಸ ಮಾಡದು.

3. ಹೀಟರಿನ ವಿದ್ಯುತ್ ಪ್ರಮಾಣ ಲೆಕ್ಕ ಹಾಕಬೇಕು. 1,000 ವ್ಯಾಟ್ ಹೀಟರ್ 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ನಿಯಂತ್ರಕದೊಳಗಿನ ಸಣ್ಣ ರಿಲೇಗೆ ಹೀಟರನ್ನು ನೇರವಾಗಿ ಜೋಡಿಸದೆ, ಹೊರಗಿನ ಕಾಂಟ್ಯಾಕ್ಟರ್ ಅಥವಾ ಎಸ್.ಎಸ್.ಆರ್. ಮೂಲಕ ಜೋಡಿಸಬೇಕು. ಅದರ ಸಾಮರ್ಥ್ಯ ಲೆಕ್ಕಕ್ಕಿಂತ ಕನಿಷ್ಠ ಎರಡು ಪಟ್ಟು ಇರಲಿ. ಎಸ್.ಎಸ್.ಆರ್. ತಾನೂ ಬಿಸಿಯಾಗುವುದರಿಂದ ಅದನ್ನು ಅಲ್ಯೂಮಿನಿಯಂ ರೆಕ್ಕೆಗಳುಳ್ಳ ತಳದ ಮೇಲೆ ಗಾಳಿ ಆಡುವ ಕಡೆ ಕೂರಿಸಬೇಕು.

4. ಸೆನ್ಸರ್ ಯಾವ ಬಗೆಯದೆಂದು ತಿಳಿದು, ನಿಯಂತ್ರಕದಲ್ಲಿ ಅದೇ ಬಗೆಯನ್ನು ಆರಿಸಬೇಕು. ಪಿ.ಟಿ.-100 ಸೆನ್ಸರಿಗೆ ಸಾಮಾನ್ಯವಾಗಿ ಮೂರು ತಂತಿಗಳು. 25 ಡಿಗ್ರಿಯಲ್ಲಿ ಅದರ ರೋಧ ಸುಮಾರು 109.7 ಓಮ್. ಥರ್ಮೋಕಪಲ್‌ಗೆ ಎರಡೇ ತಂತಿ, ಅದರಲ್ಲಿ ಧನ ಮತ್ತು ಋಣ ಬೇರೆ. ಇವನ್ನು ಅದಲುಬದಲು ಮಾಡಿದರೆ ಕಾವು ಏರಿದಂತೆ ಅಂಕಿ ಇಳಿಯುತ್ತದೆ, ಹೀಟರ್ ಆರುವುದೇ ಇಲ್ಲ.

5. ಸೆನ್ಸರನ್ನು ಮಾದರಿ ಇಡುವ ತಟ್ಟೆಯ ಮಟ್ಟದಲ್ಲಿ, ಹೀಟರಿಗೂ ಗೋಡೆಗೂ ತಾಗದಂತೆ, ಕ್ಲಿಪ್ಪಿನಿಂದ ಭದ್ರವಾಗಿ ಕಟ್ಟಬೇಕು. ತಟ್ಟೆ ಎಳೆಯುವಾಗ ಸೆನ್ಸರ್ ಜಾರಿ ಹೊರಬಿದ್ದರೆ ಅದು ಕೋಣೆಯ ಗಾಳಿಯನ್ನು ಅಳೆಯುತ್ತದೆ. ಒಳಗೆ ಇನ್ನೂ ಕಾದಿಲ್ಲವೆಂದು ತಿಳಿದ ನಿಯಂತ್ರಕ ಹೀಟರನ್ನು ಉರಿಸುತ್ತಲೇ ಇರುತ್ತದೆ.

6. ಇದಕ್ಕಾಗಿಯೇ ಎರಡನೆಯ ಕಾವಲು ಬೇಕು. ಮೊದಲ ನಿಯಂತ್ರಕದ ಹಂಗಿಲ್ಲದ, ತನ್ನದೇ ಸೆನ್ಸರ್ ಮತ್ತು ತನ್ನದೇ ಕಾಂಟ್ಯಾಕ್ಟರ್ ಇರುವ ಮಿತಿ ಥರ್ಮೋಸ್ಟಾಟನ್ನು 5ರಿಂದ 10 ಡಿಗ್ರಿ ಮೇಲಕ್ಕೆ ಇಟ್ಟು ಜೋಡಿಸಬೇಕು. ಕೆಟ್ಟ ಎಸ್.ಎಸ್.ಆರ್. ಹೆಚ್ಚಾಗಿ ಮುಚ್ಚಿಕೊಂಡೇ ಕೆಡುತ್ತದೆ. ಆಗ ನಿಯಂತ್ರಕ ಆರಿಸು ಎಂದರೂ ಹೀಟರ್ ಆರದು. ಅಂಥ ವೇಳೆ ಕಾಪಾಡುವುದು ಈ ಎರಡನೆಯ ಕಾವಲು ಒಂದೇ. ಕಾವು ಇಳಿದ ಮೇಲೂ ಇದು ತಾನಾಗಿ ಮತ್ತೆ ಜೋಡಿಕೊಳ್ಳದೆ, ಕೈಯಿಂದ ಒತ್ತಿದರೆ ಮಾತ್ರ ಜೋಡಿಕೊಳ್ಳುವಂತಿರಬೇಕು.

7. ಕಂಪ್ರೆಸರ್ ಇರುವ ಪೆಟ್ಟಿಗೆಯಲ್ಲಿ, ನಿಂತ ಕಂಪ್ರೆಸರ್ 3ರಿಂದ 5 ನಿಮಿಷಗಳವರೆಗೆ ಮತ್ತೆ ಓಡದಂತೆ ವಿಳಂಬವನ್ನು ಗೊತ್ತುಪಡಿಸಬೇಕು. ಕರೆಂಟ್ ಪದೇ ಪದೇ ಹೋಗಿಬರುವ ಊರುಗಳಲ್ಲಿ ಕಂಪ್ರೆಸರ್ ಸುಡದಂತೆ ಇದು ಕಾಯುತ್ತದೆ. ವೋಲ್ಟೇಜ್ ಏರಿಳಿತವಿದ್ದರೆ ಸ್ಟೆಬಿಲೈಸರ್ ಬೇಕು.

ಮೊದಲ ಓಟ ಮತ್ತು ತಾಳೆ ನೋಡುವಿಕೆ

ಮೊದಲ ದಿನ ಮಾದರಿ ಇಡದೆ, ಖಾಲಿ ತಟ್ಟೆಗಳೊಡನೆ ಬಾಗಿಲು ಮುಚ್ಚಿ ಓಡಿಸಬೇಕು. ಆಟೋಟ್ಯೂನ್ ಸೌಲಭ್ಯವಿದ್ದರೆ, ಎಸ್.ವಿ.ಯನ್ನು ನಿತ್ಯ ಬಳಸುವ ಉಷ್ಣತೆಗೆ ಇಟ್ಟು ಅದನ್ನು ನಡೆಸಬೇಕು. ಅದು ಮುಗಿಯುವವರೆಗೂ ಒಬ್ಬರು ಹತ್ತಿರದಲ್ಲೇ ಇರಬೇಕು. ಆಮೇಲೆ ಮಿತಿ ಥರ್ಮೋಸ್ಟಾಟನ್ನು ಬೇಕೆಂದೇ ಕೆಳಗಿನ ಅಂಕಿಗೆ ತಿರುಗಿಸಿ ಹೀಟರ್ ಆರುವುದೇ ಎಂದು ನೋಡಿ, ಮತ್ತೆ ಅದರ ಜಾಗಕ್ಕೆ ತರಬೇಕು. ಸೆನ್ಸರಿನ ಒಂದು ತಂತಿ ಬಿಚ್ಚಿದಾಗ ನಿಯಂತ್ರಕ ದೋಷ ತೋರಿಸಿ ಹೀಟರನ್ನು ಆರಿಸುವುದೇ ಎಂಬುದನ್ನೂ ನೋಡಬೇಕು. ತಂತಿ ಬಿಚ್ಚುವ ಮೊದಲು ಮತ್ತು ಕಟ್ಟುವ ಮೊದಲು ಪ್ಲಗ್ಗನ್ನು ಕಿತ್ತಿರಬೇಕು.

ಅಂಕಿ ನಿಜವೇ ಎಂದು ತಿಳಿಯಲು ಸುಲಭ ಉಪಾಯವೆಂದರೆ ಮಂಜುಗಡ್ಡೆ. ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ಶುದ್ಧ ನೀರು ಬೆರೆಸಿ, ಸೆನ್ಸರಿನ ತುದಿಯನ್ನು ಪಾತ್ರೆಗೆ ತಾಗದಂತೆ ಅದರಲ್ಲಿಟ್ಟರೆ 0 ಡಿಗ್ರಿ ಬರಬೇಕು. ಕುದಿನೀರಿನಲ್ಲಿ 100 ಬರಬೇಕೆಂದು ಹಲವರು ತಿಳಿಯುತ್ತಾರೆ. ಆದರೆ ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಏರಿದಂತೆ ನೀರು ಕುದಿಯುವ ಉಷ್ಣತೆ ಸುಮಾರು 1 ಡಿಗ್ರಿ ಇಳಿಯುತ್ತದೆ. 400 ಮೀಟರ್ ಎತ್ತರದ ಊರಿನಲ್ಲಿ 98.7ರ ಆಸುಪಾಸು ತೋರಿಸಿದರೆ ಸೆನ್ಸರ್ ಸರಿಯಾಗಿದೆ. ಅದನ್ನು 100ಕ್ಕೆ ತಿದ್ದಿದರೆ ಇಲ್ಲದ ತಪ್ಪನ್ನು ತಂದಂತೆ. ಇದರ ಜೊತೆಗೆ, ಪ್ರಮಾಣಿತ ಉಷ್ಣತಾಮಾಪಕವನ್ನು ಸೆನ್ಸರಿನ ಪಕ್ಕದಲ್ಲಿಟ್ಟು ನಿತ್ಯ ಬಳಸುವ ಉಷ್ಣತೆಯಲ್ಲಿ ತಾಳೆ ನೋಡಬೇಕು. ಮೇಲಿನ, ನಡುವಿನ ಮತ್ತು ಕೆಳಗಿನ ತಟ್ಟೆಗಳಲ್ಲೂ ನೋಡಬೇಕು. ಫ್ಯಾನ್ ನಿಂತ ಪೆಟ್ಟಿಗೆಯಲ್ಲಿ ತಟ್ಟೆ ತಟ್ಟೆಗೂ ಹಲವು ಡಿಗ್ರಿ ವ್ಯತ್ಯಾಸ ಬರುತ್ತದೆ.

ಹೊಸ ಭತ್ತ ಮತ್ತು 50 ಡಿಗ್ರಿ

ಆಗತಾನೆ ಕೊಯ್ದ ಭತ್ತದಲ್ಲಿ ಸುಪ್ತಾವಸ್ಥೆ ಇರುವುದುಂಟು. ಕಾಳು ಜೀವಂತವಾಗಿದ್ದರೂ ಮೊಳೆಯುವುದಿಲ್ಲ. ಅದನ್ನು ಮುರಿಯಲು, ಒಣಗಿದ ಬೀಜದ ಪರೀಕ್ಷಾ ಮಾದರಿಯನ್ನು 50 ಡಿಗ್ರಿ ಒಣ ಕಾವಿನಲ್ಲಿ ನಾಲ್ಕೈದು ದಿನ ಇಟ್ಟು ಆಮೇಲೆ ಮೊಳಕೆಗೆ ಇಡುತ್ತಾರೆ. ಈ ನಾಲ್ಕೈದು ದಿನಗಳಲ್ಲಿ ನಿಯಂತ್ರಕ ಒಂದು ರಾತ್ರಿ ತಪ್ಪಿ 70-80 ಡಿಗ್ರಿಗೆ ಏರಿದರೂ ಕಾಳಿನ ಜೀವಕ್ಕೇ ಅಪಾಯ. ಮರುದಿನ ಫಲಕದಲ್ಲಿ 50 ಎಂದೇ ಕಾಣಬಹುದು. ಆದುದರಿಂದ ಗರಿಷ್ಠ ಮತ್ತು ಕನಿಷ್ಠ ಉಷ್ಣತೆಯನ್ನು ಉಳಿಸಿಕೊಳ್ಳುವ ಒಂದು ಮಾಪಕವನ್ನು ಒಳಗಿಟ್ಟು, ಬೆಳಿಗ್ಗೆ ಸಂಜೆ ಪುಸ್ತಕದಲ್ಲಿ ಬರೆದಿಡಬೇಕು.

ದಿನನಿತ್ಯದ ಎಚ್ಚರಿಕೆಗಳು

* ಸ್ಪಿರಿಟ್, ಪೆಟ್ರೋಲು, ಥಿನ್ನರ್ ತಾಗಿದ ವಸ್ತುವನ್ನು ಒಣಗಿಸುವ ಒಲೆಯಲ್ಲಿ ಇಡಲೇಬಾರದು. ಅದರ ಆವಿ ಸ್ಫೋಟಿಸುತ್ತದೆ. ಪ್ಲಾಸ್ಟಿಕ್ ಚೀಲದೊಡನೆ ಮಣ್ಣು ಅಥವಾ ಬೀಜವನ್ನೂ ಇಡಬಾರದು.
* ಒಲೆಯ ಹತ್ತಿರ ಗೋಣಿಚೀಲ, ಕಾಗದ, ಹತ್ತಿ ಇರಬಾರದು. ಗಾಳಿಕಿಂಡಿ ಮುಚ್ಚಬಾರದು.
* ಒದ್ದೆ ಕೈಯಿಂದ ಗುಂಡಿ ಒತ್ತಬಾರದು. ನೀರು ಚೆಲ್ಲಿದರೆ ಮೊದಲು ವಿದ್ಯುತ್ ನಿಲ್ಲಿಸಬೇಕು.
* ಎಸ್.ಎಸ್.ಆರ್. ಆರಿದ್ದಾಗಲೂ ಹೀಟರಿನ ತುದಿಗಳಲ್ಲಿ ವಿದ್ಯುತ್ ಇರುತ್ತದೆ. ಫಲಕ ಕತ್ತಲಾಗಿದೆಯೆಂದು ನಂಬಿ ಮುಚ್ಚಳ ಬಿಚ್ಚದೆ, ಪ್ಲಗ್ಗನ್ನು ಕಿತ್ತೇ ಬಿಚ್ಚಬೇಕು.
* ಆರ್.ಸಿ.ಸಿ.ಬಿ.ಯ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಅದು ಮತ್ತೆ ಮತ್ತೆ ಕಡಿಯುತ್ತಿದ್ದರೆ ಸೋರಿಕೆ ಎಲ್ಲಿದೆಯೆಂದು ಹುಡುಕಿಸಬೇಕೇ ಹೊರತು, ಅದನ್ನು ಬಿಟ್ಟು ನೇರವಾಗಿ ತಂತಿ ಎಳೆಯಬಾರದು.
* ತೇವಾಂಶ ಪರೀಕ್ಷೆಯ ನಡುವೆ ಕರೆಂಟ್ ಹೋದರೆ ಹೊಸ ಮಾದರಿಯಿಂದ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಮೊಳಕೆ ಪರೀಕ್ಷೆಯಲ್ಲಾದರೆ ಹೋದ ವೇಳೆ, ಬಂದ ವೇಳೆ ಮತ್ತು ಒಳಗಿನ ಗರಿಷ್ಠ ಉಷ್ಣತೆಯನ್ನು ಬರೆಯಬೇಕು.

ರೈತರು ಕೇಳಬೇಕಾದ ಪ್ರಶ್ನೆಗಳು

ನಿಯಂತ್ರಕವನ್ನು ತಾವೇ ನಡೆಸದ ರೈತರಿಗೂ ಈ ತಿಳಿವಳಿಕೆ ಬೇಕು. ಬೀಜದ ಮಾದರಿ ಕೊಟ್ಟು ಫಲಿತಾಂಶ ಪಡೆಯುವಾಗ ನಾಲ್ಕು ಮಾತು ಕೇಳಲು ಸಂಕೋಚ ಬೇಡ. ಪರೀಕ್ಷೆ ನಡೆದ ಉಷ್ಣತೆ ಎಷ್ಟು? ದಿನವಹಿ ಪುಸ್ತಕ ಇದೆಯೇ? ನಿಯಂತ್ರಕವನ್ನು ಕೊನೆಯ ಸಲ ತಾಳೆ ನೋಡಿದ್ದು ಯಾವಾಗ? ನಡುವೆ ಕರೆಂಟ್ ಹೋಗಿತ್ತೇ? ಸರಿಯಾಗಿ ಕೆಲಸ ಮಾಡುವ ಪ್ರಯೋಗಾಲಯ ಈ ಪ್ರಶ್ನೆಗಳಿಗೆ ಪುಸ್ತಕ ತೆರೆದೇ ಉತ್ತರ ಹೇಳುತ್ತದೆ. ಫಲಿತಾಂಶದ ಬಗ್ಗೆ ಸಂಶಯವಿದ್ದರೆ ಅದೇ ಬೀಜದ ನೂರು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮನೆಯ ತಂಪಾದ ಮೂಲೆಯಲ್ಲಿ ನೀರಿನ ಕೊಡದ ಪಕ್ಕದಲ್ಲಿಟ್ಟು ಎಣಿಸಬಹುದು. ಎರಡು ಅಂಕಿಗಳ ನಡುವೆ ಬಹಳ ಅಂತರವಿದ್ದರೆ ಮರುಪರೀಕ್ಷೆ ಕೇಳುವುದು ಯುಕ್ತ.

ಹೆಚ್ಚಿನ ಸಲಹೆಗೆ ಸಿಂಧನೂರು ತಾಲ್ಲೂಕಿನ ಧಡೇಸುಗೂರು ಮತ್ತು ಲಿಂಗಸುಗೂರಿನಲ್ಲಿರುವ ಕೃಷಿ ಸಂಶೋಧನಾ ಕೇಂದ್ರಗಳ ತಜ್ಞರನ್ನು, ಇಲ್ಲವೇ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಬೀಜ ವಿಭಾಗವನ್ನು ಕಾಣಬಹುದು. ಉಪಕರಣ ಕೊಳ್ಳುವ ಮೊದಲೇ ಕಾಣುವುದು ಮೇಲು. ಕೊಂಡ ಮೇಲೆ ಕಂಪ್ರೆಸರ್ ಇಲ್ಲದ ಪೆಟ್ಟಿಗೆಗೆ ಮೇ ತಿಂಗಳಲ್ಲಿ ಮದ್ದಿಲ್ಲ.