ಬೈಲಹೊಂಗಲದ ಹತ್ತಿ, ಅಮೆರಿಕದ ಸುಂಕ



ಬೈಲಹೊಂಗಲ, ಸವದತ್ತಿ, ರಾಮದುರ್ಗದ ಎರೆಹೊಲದ ಹತ್ತಿಗೆ ದರ ಕಟ್ಟುವವರು ನಮ್ಮ ಪೇಟೆಯಲ್ಲಷ್ಟೇ ಇಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಅರಳೆ ಬರುವುದು ನಿಂತಿತು. ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆಯೂ ಬಿತ್ತು. ಬೆಳೆದವನಿಗೆ ಯಾರು ಯಾರ ಮೇಲೆ ಕಾದಿದರೆಂಬುದೂ ತಿಳಿದಿರಲಿಕ್ಕಿಲ್ಲ.

ಈಗ ಮೊಬೈಲಿದೆ, ತಿಳಿಯುತ್ತದೆ. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಅನೇಕ ಸರಕುಗಳ ಮೇಲೆ ಶೇ. 50ರಷ್ಟು ಸುಂಕ ಹಾಕಿತು. ಸಿದ್ಧ ಉಡುಪಿನವರಿಗೆ ದೊಡ್ಡ ಪೆಟ್ಟು. ಅದು ಬೀಳುವ ಮುನ್ನವೇ, ಗಿರಣಿಗಳಿಗೆ ಅಗ್ಗದ ಹತ್ತಿ ಸಿಗಲೆಂದು ದಿಲ್ಲಿ ಸರಕಾರ ಹೊರಗಿನ ಹತ್ತಿಯ ಮೇಲಿದ್ದ ಶೇ. 11ರ ಆಮದು ಸುಂಕ ತೆಗೆಯಿತು. ಮುಂದೆ ಅದನ್ನೇ ಡಿಸೆಂಬರ್ ಕೊನೆಯವರೆಗೆ ಬೆಳೆಸಿತು. ನಮ್ಮಲ್ಲಿ ಹತ್ತಿ ಬಿಡಿಸುವ ಕಾಲವೂ ಅದೇ! ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲಿಗೆ 7,710 ರೂಪಾಯಿ ಬೆಂಬಲ ಬೆಲೆ ಇತ್ತು, ನಿಜ. ಆದರೆ ಅದು ಹತ್ತಿ ನಿಗಮದ ಖರೀದಿ ಕೇಂದ್ರದಲ್ಲಿ, ತೇವ ಶೇ. 12 ಮೀರದಿದ್ದರೆ ಮಾತ್ರ. ಬೀಜ-ಗೊಬ್ಬರದ ಉದ್ರಿ ತಲೆ ಮೇಲಿರುವಾಗ ಒಣಗಿಸುತ್ತ ಕೂಡ್ರುವವರು ಯಾರು?

ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಅಮೆರಿಕದ ಗಿರಾಕಿಗಳ ಕೆಲಸ ಮಾಡುವವನು. ಡಾಲರ್ ಏರಿದರೆ ನಮ್ಮ ಆಫೀಸಿನಲ್ಲಿ ಖುಷಿ. ಅದೇ ಡಾಲರು ಕೊಟ್ಟು ತರಿಸುವ ಪೊಟ್ಯಾಷ್ ಅಪ್ಪನ ಹೊಲಕ್ಕೆ ತುಟ್ಟಿ.

ಮಕ್ಕಳೇ, ಪೇಪರಿನಲ್ಲಿ ಸುಂಕದ ಸುದ್ದಿ ಕಂಡರೆ ಮನೆಯಲ್ಲಿ ಓದಿ ಹೇಳಿರಿ, ಹತ್ತಿಯ ಗಾಡಿ ಪೇಟೆಗೆ ಹೊರಡುವ ಮೊದಲೇ.